ನೂರೆಂಬತ್ತಮೂರು ದಿನ

ನಮ್ಮ ಮನೆಯವರು ಸರಕು ಹಡಗಿನಲ್ಲಿ ಅಡುಗೆಯವರು. ಇಪ್ಪತ್ತೆರಡು ಜನರಿಗೆ ಮೂರು ಹೊತ್ತು ಬೇಯಿಸಿ ಹಾಕಿ, ಪಾತ್ರೆ ಪಗಡ ಎಲ್ಲ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂತು ಫೋನಿನಲ್ಲಿ ಕಥೆ ಬರೆಯುತ್ತಾರೆ. ಹಾಗೆ ಬರೆದ ಒಂಬತ್ತು ಪತ್ತೇದಾರಿ ಕಾದಂಬರಿಗಳು ಇ-ಬುಕ್ ಆಗಿ ಹೊರದೇಶದ ಒಂದು ಕಂಪನಿಯಲ್ಲಿ ಮಾರಾಟಕ್ಕಿವೆ. ಒಂಬತ್ತರಲ್ಲೂ ಪತ್ತೆ ಹಚ್ಚುವವಳು ಒಬ್ಬಳೇ ಹೆಂಗಸು. ಮನೆಯ ಹೊಸಿಲು ದಾಟದೆ, ಅಡುಗೆಮನೆ ಕಿಟಕಿಯಿಂದ ನೋಡಿಯೇ ಕಳ್ಳನನ್ನು ಹಿಡಿಯುತ್ತಾಳಂತೆ. ಮನೆಯಲ್ಲೇ ಇರದ ಗಂಡಸಿಗೆ ಮನೆ ಬಿಟ್ಟು ಹೊರಗೆ ಹೋಗದ ಹೆಂಗಸಿನ ಮೇಲೆ ಇಷ್ಟು ಆಸಕ್ತಿ ಯಾಕೋ, ನನಗೆ ಗೊತ್ತಿಲ್ಲ. ನಾನಂತೂ ಒಂದನ್ನೂ ಪೂರ್ತಿ ಓದಿಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು ನಾನು, ಸಂಜೆಯಾದರೆ ಕಣ್ಣು ಇನ್ನೇನನ್ನೂ ನೋಡಲು ಒಪ್ಪುವುದಿಲ್ಲ. ಅದು ಒಂದು ಕಾರಣ. ಸಿಟ್ಟು ಇನ್ನೊಂದು.

ಹದಿನೇಳು ವರ್ಷದ ಸಂಸಾರದಲ್ಲಿ "ಈ ಸಲ ಹೋಗಬೇಡಿ" ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೊನೆಗೆ ಹೋದ ವರ್ಷ ಒಂದು ಮಾತು ಕೊಟ್ಟರು. ಪುಸ್ತಕದ ರಾಯಲ್ಟಿಯಲ್ಲಿ ಮನೆ ನಡೆಯುವ ಹಾಗಾದರೆ ಹಡಗು ಬಿಡುತ್ತೇನೆ ಎಂದರು. ಪುಣ್ಯಕ್ಕೆ ಪುಸ್ತಕಗಳು ಓಡತೊಡಗಿದವು. ದೂರದೂರದ ದೇಶಗಳಲ್ಲಿರುವ ನಮ್ಮ ಭಾಷೆಯವರು ಕೊಂಡು ಓದುತ್ತಿದ್ದರು. ನವೆಂಬರಿನಲ್ಲಿ ಬಂದವರು ಮಾರ್ಚ್ ಬಂದರೂ ಹೊರಟಿರಲಿಲ್ಲ. ಹಡಗಿನ ಏಜೆಂಟ್ ಮಾತ್ರ ಬಿಟ್ಟಿರಲಿಲ್ಲ. ಈ ಸಲ ಹತ್ತು ತಿಂಗಳ ಕರಾರು, ಇಪ್ಪತ್ತನೇ ತಾರೀಖಿನೊಳಗೆ ಹೂಂ ಅನ್ನಿ, ಇಲ್ಲ ಅಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ದಿನಕ್ಕೊಂದು ಸಲ ಫೋನು.

ಅಷ್ಟರಲ್ಲಿ ಪುಸ್ತಕದ ಕಂಪನಿಯಿಂದ ಒಂದು ಮೇಲ್ ಬಂತು. ತೆರಿಗೆಯ ಫಾರಂ ತುಂಬಿ ಕಳಿಸಿ ಎಂದು.

ಪುಸ್ತಕ ಮಾರಿದ್ದು ಆ ದೇಶದ ಕಂಪನಿಯಾದ್ದರಿಂದ ಆ ದೇಶ ತನ್ನ ಪಾಲು ಕೇಳುತ್ತದೆ. ಪರದೇಶದ ಲೇಖಕರಾದರೆ ನೂರಕ್ಕೆ ಮೂವತ್ತು ಅಲ್ಲೇ ಹಿಡಿದುಕೊಂಡು ಉಳಿದದ್ದನ್ನು ಕಳಿಸುತ್ತಾರೆ. ಆದರೆ ಅವರಿಗೂ ನಮಗೂ ಒಂದು ಒಪ್ಪಂದವಿದೆ. ಲೇಖಕರು ನಿಜವಾಗಿಯೂ ನಮ್ಮ ದೇಶದ ವಾಸಿಗಳು ಎಂದು ತೋರಿಸಿದರೆ ಹತ್ತು ಮಾತ್ರ ಹಿಡಿಯುತ್ತಾರೆ. ನಾವಿಬ್ಬರೂ ಕೂತು ಗುಣಿಸಿ ಭಾಗಿಸಿ ನೋಡಿದೆವು. ಹತ್ತು ಹೋದರೆ ಮನೆ ನಡೆಯುತ್ತದೆ. ಮೂವತ್ತು ಹೋದರೆ ನಡೆಯುವುದಿಲ್ಲ. ಅಂದರೆ ಹತ್ತಾದರೆ ನಮ್ಮ ಮನೆಯವರು ಮನೆಯಲ್ಲಿ, ಮೂವತ್ತಾದರೆ ಹಡಗಿನಲ್ಲಿ.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಫಾರಂ ಹರಡಿಕೊಂಡು ಕೂತೆವು. ಹನುಮಂತನ ಬಾಲದಂಥ ಫಾರಂ. ಅತ್ತೆಯೂ ತಮ್ಮ ಕುರ್ಚಿ ಎಳೆದುಕೊಂಡು ಬಂದರು. ಅವರಿಗೆ ಎಂಬತ್ತು, ಕಿವಿ ಮಂದ, ನಾಲಿಗೆ ಚುರುಕು.

"ನೀವು ವ್ಯಕ್ತಿಯೋ, ಸಂಸ್ಥೆಯೋ, ಟ್ರಸ್ಟೋ, ಸರ್ಕಾರವೋ ಅಂತ ಕೇಳಿದ್ದಾರೆ" ಎಂದು ಇವರು ಓದಿದರು.

"ಸರ್ಕಾರ ಅಂತ ಹಾಕು" ಎಂದರು ಅತ್ತೆ. "ಮಾತು ಕೊಡೋದು, ಮಾಡದೇ ಇರೋದು, ಎಲ್ಲ ಸರಿಯಾಗಿ ಹೊಂದುತ್ತೆ."

ನನಗೆ ನಗು ಬಂತು, ಇವರಿಗೆ ಬರಲಿಲ್ಲ. ಆದರೆ ಮುಂದೆ ಹೋದ ಹಾಗೆ ಮೂವರಿಗೂ ಒಂಥರಾ ಕುತೂಹಲ ಹತ್ತಿತು. ಎಲ್ಲೋ ಇರುವ, ನಮ್ಮ ಮುಖ ನೋಡದ ಯಾರೋ ಕೂತು ನಮ್ಮ ಬಗ್ಗೆ ಇಷ್ಟೆಲ್ಲ ಯೋಚನೆ ಮಾಡಿದ್ದಾರಲ್ಲ ಅನಿಸುತ್ತಿತ್ತು. ಈ ಆದಾಯದ ನಿಜವಾದ ಒಡೆಯರು ನೀವೇನಾ, ಇಲ್ಲ ಬೇರೆ ಯಾರ ಪರವಾಗಿ ಕೈ ಚಾಚಿದ್ದೀರಾ? ಆ ದೇಶದಲ್ಲಿ ನಿಮಗೆ ಕಚೇರಿ ಇದೆಯಾ? ಅಲ್ಲಿ ಎಂದಾದರೂ ವಾಸವಿದ್ದಿರಾ? ಇದರಲ್ಲಿ ಸುಳ್ಳು ಹೇಳಿದರೆ ಶಿಕ್ಷೆಯಿದೆ ಎಂದು ಗೊತ್ತಾ? ಆ ಸಾಲಿಗೆ ಬಂದಾಗ ಇವರು ಒಮ್ಮೆ ನೇರವಾಗಿ ಕೂತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ.

ಕೊನೆಯ ಪುಟದಲ್ಲಿತ್ತು ಮುಖ್ಯ ಮಾತು. ಹತ್ತರ ದರ ಬೇಕಾದರೆ ನಿಮ್ಮ ದೇಶದ ತೆರಿಗೆ ಕಚೇರಿಯಿಂದ ವಾಸದ ಪ್ರಮಾಣಪತ್ರ ತಂದು ಈ ತಿಂಗಳೊಳಗೆ ಲಗತ್ತಿಸಿ.

"ಅಂದ್ರೆ ನೀನು ಈ ಮನೇಲಿ ಇದ್ದೀಯ ಅಂತ ಸರ್ಕಾರ ಬರೆದುಕೊಡಬೇಕಾ?" ಎಂದು ಅತ್ತೆ ಕೇಳಿದರು.

"ಮನೆ ಅಲ್ಲಮ್ಮ, ದೇಶ."

"ಎರಡೂ ಒಂದೇ ತಾನೆ. ಬರೆದುಕೊಟ್ಟರೆ ನನಗೂ ಒಂದು ಕಾಪಿ ತೆಗೆದುಕೊಂಡು ಬಾ."

ಮಾರನೆಯ ದಿನ ಅರ್ಧ ರಜೆ ಹಾಕಿ ನಾನೂ ಇವರ ಜೊತೆ ತೆರಿಗೆ ಕಚೇರಿಗೆ ಹೋದೆ. ಮೂರನೇ ಮಹಡಿಯ ಉದ್ದ ಕಾರಿಡಾರಿನ ತುದಿಯಲ್ಲಿ, ಕಡತಗಳ ಕಪಾಟುಗಳ ಹಿಂದೆ ಒಬ್ಬ ಅಧಿಕಾರಿ ಕೂತಿದ್ದರು. ನಾನು ಯಾರನ್ನು ಕಂಡರೂ ಮೊದಲು ನೋಡುವುದು ಅವರ ಕನ್ನಡಕವನ್ನು. ಈ ಅಧಿಕಾರಿಯದು ದೂರಕ್ಕೂ ಹತ್ತಿರಕ್ಕೂ ಸೇರಿಸಿದ ಗಾಜು, ಬಲಗಡೆಯ ಕಡ್ಡಿಯ ಸ್ಕ್ರೂ ಸಡಿಲ, ಎರಡು ಮಾತಿಗೊಮ್ಮೆ ಕನ್ನಡಕ ಮೂಗಿನ ಮೇಲೆ ಜಾರುತ್ತಿತ್ತು. ಅವರು ಅದನ್ನು ಮೇಲಕ್ಕೆ ತಳ್ಳುತ್ತಿದ್ದರು. ಆ ಕೆಲಸ ಎಷ್ಟು ವರ್ಷದಿಂದ ನಡೆದಿದೆಯೋ, ಅವರಿಗೇ ತಿಳಿಯುತ್ತಿರಲಿಲ್ಲ.

ವಿಷಯ ಕೇಳಿ ಅವರ ಮುಖ ಅರಳಿತು. ಕಚೇರಿಯಲ್ಲಿ ಅಂಥ ಮುಖ ನಾನು ಎದುರುನೋಡಿರಲಿಲ್ಲ.

"ಈ ಪ್ರಮಾಣಪತ್ರ ಕಂಪನಿಗಳಿಗೆ ಕೊಟ್ಟಿದ್ದೀನಿ" ಎಂದರು. "ಕಥೆ ಬರೆಯೋರು ಬಂದಿದ್ದು ಇದೇ ಮೊದಲು. ಏನು ಕಥೆ?"

ಇವರು ಮುಜುಗರದಿಂದ ಎರಡು ವಾಕ್ಯದಲ್ಲಿ ಹೇಳಿದರು. ಅಧಿಕಾರಿ ಮೊದಲ ಪುಸ್ತಕದ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಜೇಬಿಗೆ ಹಾಕಿಕೊಂಡರು. ಆಮೇಲೆ ದಪ್ಪ ನಿಯಮದ ಪುಸ್ತಕ ತೆಗೆದು, ತಮಗೆ ಬೇಕಾದ ಪುಟಕ್ಕೆ ನೇರವಾಗಿ ಹೋದರು.

"ನೂರೆಂಬತ್ತಮೂರು ದಿನ. ಹೋದ ವರ್ಷ ಜನವರಿ ಒಂದರಿಂದ ಡಿಸೆಂಬರ್ ಮೂವತ್ತೊಂದರ ತನಕ ಅಷ್ಟು ದಿನ ಇಲ್ಲಿ ಇದ್ದಿರಬೇಕು. ಒಂದು ದಿನ ಕಮ್ಮಿಯಾದರೂ ನನ್ನ ಕೈ ಕಟ್ಟಿದ ಹಾಗೆ. ಬಂದಿದ್ದು ಹೋಗಿದ್ದಕ್ಕೆ ಮುದ್ರೆ ಇರುತ್ತಲ್ಲ, ಕೊಡಿ."

ಇವರು ಮೆಲ್ಲಗೆ ತಮ್ಮ ನಾವಿಕರ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಹಡಗು ಹತ್ತಿದ್ದು ಇಳಿದಿದ್ದು ಎಲ್ಲದಕ್ಕೂ ಅದರಲ್ಲೇ ಮುದ್ರೆ. ಬೇರೆ ನಾವಿಕರು ಅದನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಾರಂತೆ. ನಮ್ಮವರು ಕಥೆಯ ಟಿಪ್ಪಣಿ ಬರೆಯಲು ಅನುಕೂಲ ಎಂದು ಹಡಗಿನ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡಿದ್ದರು. ಅದರ ಮೇಲೆ ಎಣ್ಣೆ ಡಬ್ಬ ಮಗುಚಿತ್ತು. ಹೋದ ವರ್ಷದ ಪುಟಗಳು ಕರಿದ ತಿಂಡಿ ಕಟ್ಟಿಕೊಟ್ಟ ಕಾಗದದ ಹಾಗಿದ್ದವು. ಮುದ್ರೆಗಳ ಶಾಯಿ ಒಂದರೊಳಗೊಂದು ಹರಿದು ನೀಲಿ ಮೋಡವಾಗಿತ್ತು.

"ಹಡಗಿನ ಕಂಪನಿಗೆ ಬರೆದು ಕೇಳಬಹುದು" ಎಂದರು ಇವರು, "ಆದರೆ ಅವರು ಉತ್ತರ ಕೊಡೋಕೆ ಎರಡು ತಿಂಗಳು ತಗೊಳ್ತಾರೆ."

ಅಧಿಕಾರಿ ಪುಟವನ್ನು ಮೂಸಿ ನೋಡಿದರು. "ಒಂದು ದಾರಿ ಇದೆ. ಆಯಾ ದಿನ ಆಯಾ ದಿನವೇ ಬರೆದಿಟ್ಟ ಏನಾದರೂ ಇದ್ದರೆ ತನ್ನಿ. ಈಗ ನೆನಪು ಮಾಡಿಕೊಂಡು ಬರೆದಿದ್ದು ಬೇಡ. ಅವತ್ತೇ ಬರೆದಿದ್ದು ಬೇಕು."

ಇವರು ಪೆಚ್ಚಾಗಿ ನನ್ನ ಕಡೆ ನೋಡಿದರು. ಒಂಬತ್ತು ಪುಸ್ತಕ ಬರೆದವರು, ತಮ್ಮ ಬದುಕಿನ ಒಂದು ದಿನವನ್ನೂ ಬರೆದಿಟ್ಟಿರಲಿಲ್ಲ. ನನಗೆ ಮಾತ್ರ ಆ ಕ್ಷಣ ಹಾಲಿನ ಕ್ಯಾಲೆಂಡರ್ ನೆನಪಾಯಿತು.

ಅತ್ತೆಗೂ ನನಗೂ ದಿನಕ್ಕೆ ಒಂದು ಪ್ಯಾಕೆಟ್ ಹಾಲು ಸಾಕು. ಇವರು ಮನೆಯಲ್ಲಿದ್ದರೆ ಎರಡು. ಬೆಳಗ್ಗೆ ಬಾಗಿಲಿಗೆ ಹಾಲು ಬಂದ ಕೂಡಲೇ ಅಡುಗೆಮನೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಒಂದು ಅಥವಾ ಎರಡು ಎಂದು ಬರೆಯುತ್ತೇನೆ. ಹದಿನೇಳು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಎರಡು ಎಂದಿದ್ದರೆ ಗಂಡ ಮನೆಯಲ್ಲಿದ್ದಾನೆ ಎಂದರ್ಥ.

ಹಳೆಯ ಕ್ಯಾಲೆಂಡರನ್ನು ಅತ್ತೆ ಬಿಸಾಡುವವರಲ್ಲ. ತಿಂಗಳು ತಿಂಗಳು ಹಾಳೆ ಬಿಡಿಸಿ ಅಡುಗೆಮನೆಯ ಕಪಾಟಿಗೆ ಹಾಸಿದ್ದರು. ಆ ಸಂಜೆ ಮೂವರೂ ಸೇರಿ ಡಬ್ಬಗಳನ್ನು ಕೆಳಗಿಳಿಸಿದೆವು. ಸಕ್ಕರೆ ಡಬ್ಬದ ಕೆಳಗೆ ಏಪ್ರಿಲ್ ಸಿಕ್ಕಿತು, ಬೇಳೆಯ ಕೆಳಗೆ ಆಗಸ್ಟ್. ಡಿಸೆಂಬರ್ ಎಲ್ಲೂ ಕಾಣದೆ ಇವರು ಬೆವರಿದರು. ಕೊನೆಗೆ ಅದು ಉಪ್ಪಿನ ಜಾಡಿಯ ಕೆಳಗೆ ಒದ್ದೆಯಾಗಿ ಕೂತಿತ್ತು. ಇವರಿಗೆ ಅದೆಲ್ಲ ತಮ್ಮ ಕಾದಂಬರಿಯ ಒಳಗೆ ಹೊಕ್ಕ ಹಾಗಿತ್ತೋ ಏನೋ, ಕಣ್ಣು ಹೊಳೆಯುತ್ತಿತ್ತು. ನಾನು ಇವರು ಬಂದ ಒಂದೊಂದು ಸಲದ ಎರಡುಗಳನ್ನು ಎಣಿಸಿದೆ. ನಲವತ್ತು, ಐವತ್ತೆರಡು, ಮೂವತ್ತೊಂದು, ಐವತ್ತೆಂಟು.

ಕೂಡಿದರೆ ನೂರೆಂಬತ್ತೊಂದು.

ಇವರು ಎಣಿಸಿದರು. ಅತ್ತೆ ಎಣಿಸಿದರು. ಎಷ್ಟು ಸಲ ಎಣಿಸಿದರೂ ನೂರೆಂಬತ್ತೊಂದೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಏನು ಎಂದು ಅವತ್ತು ತಿಳಿಯಿತು.

"ಎರಡೇ ದಿನ" ಎಂದರು ಇವರು. ಒಂದು ಹಾಳೆಯನ್ನು ಹತ್ತಿರ ಎಳೆದುಕೊಂಡು, "ಒಂದು ಅಂತ ಇರೋದನ್ನ ಎರಡು ಮಾಡೋದು ಏನು ಕಷ್ಟ. ನಿನ್ನ ಬರಹ ನಿನ್ನದೇ, ಪೆನ್ನೂ ಅದೇ" ಎಂದರು.

"ಮಾಡು ಮಗಳೇ" ಎಂದರು ಅತ್ತೆ. "ಎರಡು ಪ್ಯಾಕೆಟ್ ಹಾಲಿಗೆ ಯಾರ ಗಂಟು ಹೋಗುತ್ತೆ."

ನಾನು ಪೆನ್ನು ಕೈಗೆ ತೆಗೆದುಕೊಂಡೆ. ಅದನ್ನೂ ಮುಚ್ಚಿಡುವುದಿಲ್ಲ. ಇವರು ಮನೆಯಲ್ಲಿ ನಿಲ್ಲಲಿ ಎಂದು ಆ ಮನೆಯಲ್ಲಿ ನನ್ನಷ್ಟು ಬಯಸಿದವರು ಯಾರೂ ಇರಲಿಲ್ಲ. ಯಾವ ಎರಡು ದಿನ ಎಂದು ಹುಡುಕತೊಡಗಿದೆ. ಜೂನ್ ಹನ್ನೊಂದರ ಚೌಕದ ಮೇಲೆ ಪೆನ್ನು ಇಟ್ಟೆ. ಅಲ್ಲೇ ನಿಂತಿತು.

"ಅವತ್ತು ಅತ್ತೆ ಬಚ್ಚಲಲ್ಲಿ ಬಿದ್ದರು" ಎಂದೆ.

ಇವರು ತಲೆ ಎತ್ತಿದರು.

"ನಾನೊಬ್ಬಳೇ ಎತ್ತಿಕೊಂಡೆ. ಮೂರು ಮಹಡಿ ಇಳಿಸಿ ಟ್ಯಾಕ್ಸಿ ಹತ್ತಿಸಿದೆ. ಆಸ್ಪತ್ರೇಲಿ ಮನೆಯ ಗಂಡಸರು ಯಾರಿದ್ದಾರೆ ಅಂತ ಕೇಳಿದರು, ನಾನೇ ಅಂದೆ. ಸೆಪ್ಟೆಂಬರ್ ಎರಡು ಹಾಕಲಾ? ಅವತ್ತು ಅಂಗಡೀಲಿ ನನಗೆ ಬಡ್ತಿ ಕೊಟ್ಟರು. ಸಿಹಿ ತಂದೆ. ಅತ್ತೆ ಮಲಗಿಬಿಟ್ಟಿದ್ದರು. ನಿಂತುಕೊಂಡೇ ಒಬ್ಬಳೇ ತಿಂದೆ." ನನ್ನ ದನಿ ಏರುತ್ತಿತ್ತು, ಏರಲಿ ಎಂದು ಬಿಟ್ಟೆ. "ಈ ಒಂದು ಅಂತ ಇರೋ ದಿನಗಳನ್ನೆಲ್ಲ ನಾನೊಬ್ಬಳೇ ದಾಟಿದ್ದು. ಅದರಲ್ಲಿ ನೀವೂ ಇದ್ರಿ ಅಂತ ನನ್ನ ಕೈಯಾರೆ ನಾನು ಬರೆಯಲ್ಲ. ಹಡಗಿಗೆ ಹೋಗೋದಾದರೆ ಹೋಗಿ. ಆ ದಿನಗಳು ನನ್ನವು, ಕೊಡಲ್ಲ."

ಪೆನ್ನು ಮೇಜಿನ ಮೇಲಿಟ್ಟು ಡಬ್ಬಗಳನ್ನು ಒರೆಸಿ ಒಂದೊಂದಾಗಿ ಕಪಾಟಿಗೆ ಏರಿಸಿದೆ. ಎಂಥ ಮೂರ್ಖಳು ನಾನು, ಬೇಕು ಬೇಕು ಎಂದದ್ದನ್ನು ನಾನೇ ಒದ್ದೆನಲ್ಲ ಎಂದು ದುಃಖವೂ ಆಯಿತು. ಆದರೂ ಮನಸ್ಸು ಬದಲಾಗಲಿಲ್ಲ. ಇವರೂ ಮತ್ತೆ ಆ ಮಾತು ಎತ್ತಲಿಲ್ಲ.

ಬೆಳಗ್ಗೆ ಹಾಳೆಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೊರಟೆ. "ಮಧ್ಯಾಹ್ನ ಮೂರಕ್ಕೆ ಕಚೇರಿ ಹತ್ರ ಬನ್ನಿ" ಎಂದೆ. "ಇದ್ದಿದ್ದನ್ನ ಇದ್ದ ಹಾಗೆ ತೋರಿಸೋಣ. ಆಗಲ್ಲ ಅಂದರೆ ಆಗಲ್ಲ ಅಂತ ಅವರ ಬಾಯಿಂದಲೇ ಕೇಳಿಕೊಂಡು ಬರೋಣ."

ಅಧಿಕಾರಿ ಮೇಜಿನ ಮೇಲಿದ್ದ ಕಡತಗಳನ್ನೆಲ್ಲ ನೆಲಕ್ಕಿಳಿಸಿ ಹನ್ನೆರಡು ಹಾಳೆಗಳನ್ನು ಹರಡಿಕೊಂಡರು. ಕೋಣೆಯೆಲ್ಲ ಖಾರದ ಪುಡಿಯ ವಾಸನೆ. ಎರಡು ಸಲ ಸೀನಿದರು. ನಾನು ಒಂದು, ಎರಡರ ಅರ್ಥ ಹೇಳಿ, "ನೂರೆಂಬತ್ತೊಂದಿದೆ, ಎರಡು ಕಮ್ಮಿ" ಎಂದು ಮೊದಲೇ ಹೇಳಿಬಿಟ್ಟೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಪೆನ್ಸಿಲ್ ಹಿಡಿದು ಚೌಕದಿಂದ ಚೌಕಕ್ಕೆ ಹೋಗುತ್ತಿದ್ದರು.

"ಜನವರಿ ಹದಿನೈದು ಒಂದು, ಹದಿನಾರು ಎರಡು. ಇವರು ಬಂದಿದ್ದು ಯಾವತ್ತು?"

"ಹದಿನೈದಕ್ಕೆ. ಸಂಜೆ ಬಂದರು."

"ಮತ್ತೆ ಆ ದಿನ ಒಂದು ಅಂತಿದೆ?"

"ಬೆಳಗ್ಗೆ ಹಾಲು ಬಂದಾಗ ಇವರು ಬಂದಿರಲಿಲ್ಲವಲ್ಲ."

ಅವರು ಕನ್ನಡಕ ಮೇಲಕ್ಕೆ ತಳ್ಳಿದರು. "ಹೋಗಿದ್ದು ಫೆಬ್ರವರಿ ಇಪ್ಪತ್ತೈದಾ? ಅವತ್ತೂ ಒಂದೇ ಇದೆ."

"ಹೊರಡೋ ದಿನ ಒಂದೇ ತಗೊಳ್ಳೋದು. ಉಳಿದ ಹಾಲು ಕೆಟ್ಟುಹೋಗುತ್ತೆ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ನಿಲ್ಲಲಿಲ್ಲ. "ಮತ್ತೆ ಹೊರಡೋ ದಿನ ಇವರು ಮನೇಲಿ ಇದ್ದ ಲೆಕ್ಕ ಅಲ್ಲ ಸರ್. ಬೆಳಗ್ಗೆ ಎದ್ದ ಕೂಡಲೇ ಶೂ ಹಾಕಿಕೊಂಡು ಓಡಾಡ್ತಾರೆ. ಏನು ಕೇಳಿದರೂ ಹೂಂ ಅಂತಾರೆ. ನಾನು ಅವತ್ತಿನ ದಿನ ಹಿಡಿಯಲ್ಲ."

ಪಕ್ಕದಲ್ಲಿದ್ದ ಇವರು ನನ್ನ ಕಡೆ ತಿರುಗಿ ನೋಡಿದ್ದು ಗೊತ್ತಾಯಿತು. ನಾನು ತಿರುಗಲಿಲ್ಲ.

ಅಧಿಕಾರಿ ನಿಯಮದ ಪುಸ್ತಕ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆಗೆ ತಿರುಗಿಸಿದರು. "ಕಾನೂನಿಗೆ ಇದೆಲ್ಲ ಗೊತ್ತಾಗಲ್ಲಮ್ಮ. ಈ ನೆಲದ ಮೇಲೆ ಒಂದು ಗಳಿಗೆ ಇದ್ದರೂ ಅದು ಇಡೀ ದಿನ ಅಂತ ಹಿಡಿಯುತ್ತೆ. ಬಂದ ದಿನವೂ ಸೇರುತ್ತೆ, ಹೋದ ದಿನವೂ ಸೇರುತ್ತೆ. ಹೋದ ವರ್ಷ ಎಷ್ಟು ಸಲ ಬಂದರು?"

"ನಾಲ್ಕು ಸಲ ಬಂದರು, ಮೂರು ಸಲ ಹೋದರು. ನಾಲ್ಕನೇ ಸಲ ಬಂದವರು ಇನ್ನೂ ಇಲ್ಲೇ ಇದ್ದಾರೆ."

"ಏಳು ದಿನ. ನೂರೆಂಬತ್ತೊಂದಕ್ಕೆ ಏಳು ಸೇರಿಸಿದರೆ ನೂರೆಂಬತ್ತೆಂಟು." ಪೆನ್ಸಿಲ್ ಕೆಳಗಿಟ್ಟರು. "ಆದರೆ ಬಂದಿದ್ದು ಆ ದಿನವೇ ಅನ್ನೋದಕ್ಕೆ ನನಗೆ ಒಂದಾದರೂ ಮುದ್ರೆ ಬೇಕಲ್ಲ. ಹಾಲಿನ ಲೆಕ್ಕದ ಜೊತೆ ಅದು ತಾಳೆಯಾದರೆ ಉಳಿದಿದ್ದನ್ನ ನಂಬಬಹುದು."

ಎಣ್ಣೆ ಪುಟವನ್ನು ಅವರು ಆಕಡೆ ಈಕಡೆ ತಿರುಗಿಸಿ ಸೋತರು. "ಇಲ್ಲಿ ಕೊಡಿ" ಎಂದೆ. ಎಣ್ಣೆ ಕುಡಿದ ಕಾಗದದಲ್ಲಿ ಬೆಳಕು ಹಾಯುತ್ತದೆ. ಶಾಯಿ ಹರಡಿದ್ದರೂ ಮುದ್ರೆ ಒತ್ತಿದ ಜಾಗದಲ್ಲಿ ಕಾಗದ ತೆಳುವಾಗಿರುತ್ತದೆ. ಪುಟವನ್ನು ಕಿಟಕಿಯ ಗಾಜಿಗೆ ಹಿಂದುಮುಂದಾಗಿ ಒತ್ತಿ ಹಿಡಿದು, ಚೀಲದಲ್ಲಿದ್ದ ನನ್ನ ಭೂತಗನ್ನಡಿ ಇಟ್ಟೆ. ಮೂವರೂ ತಲೆಗೆ ತಲೆ ತಾಗಿಸಿಕೊಂಡು ನೋಡಿದೆವು. ತಿರುಗುಮುರುಗಾಗಿ ಒಂದರ ಅಂಕಿ, ಪಕ್ಕದಲ್ಲಿ ಐದು, ಕೆಳಗೆ ಜನವರಿ. ಅದರ ಕೆಳಗಿನದರಲ್ಲಿ ಇಪ್ಪತ್ತೈದು.

"ಸಿಕ್ಕಿತು" ಎಂದರು ಅಧಿಕಾರಿ. ಅಷ್ಟು ಸಂತೋಷ ಅವರಿಗೆ ಯಾಕಾಯಿತೋ. ಪುಸ್ತಕದ ಹೆಂಗಸೂ ಹೀಗೆಯೇ ಕಿಟಕಿ ಹತ್ರ ನಿಂತು ಪತ್ತೆ ಮಾಡುತ್ತಾಳೆ, ನಿನ್ನೆ ಸಂಜೆ ಅರ್ಧ ಓದಿದೆ ಎಂದು ಇವರಿಗೆ ಹೇಳಿದರು. ಇವರು ಕೆಂಪಾದರು.

ಪ್ರಮಾಣಪತ್ರ ಬರೆದು ಮುದ್ರೆ ಒತ್ತುವ ಹೊತ್ತಿಗೆ ಅವರ ಕನ್ನಡಕ ಐದು ಸಲ ಜಾರಿತ್ತು. ನನಗೆ ತಡೆಯಲಾಗಲಿಲ್ಲ. ಅವರ ಸಹಿ ಮುಗಿಯುವವರೆಗೆ ಕಾದು, ಕನ್ನಡಕ ಇಸಿದುಕೊಂಡು, ಸಣ್ಣ ಸ್ಕ್ರೂಡ್ರೈವರಿನಿಂದ ಎರಡು ಸುತ್ತು ಬಿಗಿ ಮಾಡಿ ಕೊಟ್ಟೆ. "ಸಹಿಗೆ ಮೊದಲು ಮಾಡಿದ್ದರೆ ಇದು ಲಂಚ ಆಗ್ತಿತ್ತು" ಎಂದು ನಕ್ಕರು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ನನಗೆ ಕುಣಿಯಬೇಕು ಅನಿಸಬೇಕಿತ್ತು. ಅನಿಸಲಿಲ್ಲ. ಸರ್ಕಾರದ ಲೆಕ್ಕದಲ್ಲಿ ನನ್ನ ಲೆಕ್ಕಕ್ಕಿಂತ ಏಳು ದಿನ ಹೆಚ್ಚು ಗಂಡ ಮನೆಯಲ್ಲಿದ್ದಾನೆ. ಸರಿ, ಹತ್ತೇ ಹಿಡಿಯುತ್ತಾರೆ, ಮಾತು ಕೊಟ್ಟ ಹಾಗೆ ಇವರು ನಿಲ್ಲುತ್ತಾರೆ. ಆದರೆ ಹದಿನೇಳು ವರ್ಷ ನಾನು ಬಾಯಿಬಿಟ್ಟು ಕೇಳಿದಾಗ ನಿಲ್ಲದ ಮನುಷ್ಯ, ಒಂದು ಕಾಗದಕ್ಕೆ ಮುದ್ರೆ ಬಿದ್ದ ಮೇಲೆ ನಿಲ್ಲುತ್ತಾರೆ.

"ಇನ್ನೇನು, ಏಜೆಂಟಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳಿಬಿಡಿ" ಎಂದೆ. ಮಾತು ಸ್ವಲ್ಪ ಒರಟಾಗಿಯೇ ಬಂತು.

"ಹೇಳಿಯಾಯ್ತು" ಎಂದರು.

"ಯಾವಾಗ? ಒಳಗಿಂದ ಈಗ ತಾನೇ ಬಂದಿದ್ದೀವಿ."

"ಬೆಳಗ್ಗೆ. ನೀನು ಹಾಳೆ ಸುತ್ತಿಕೊಂಡು ಅಂಗಡಿಗೆ ಹೋದ ಮೇಲೆ."

ನಾನು ಮೆಟ್ಟಿಲ ಮೇಲೆ ನಿಂತೆ. ಆ ಏಳು ದಿನದ ವಿಷಯ ಬೆಳಗ್ಗೆ ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಬೆಳಗ್ಗೆ ನೂರೆಂಬತ್ತೊಂದೇ ಇತ್ತಲ್ಲ?"

"ಹೌದು. ನೂರೆಂಬತ್ತೊಂದೇ ಇತ್ತು."

"ಅವರು ಆಗಲ್ಲ ಅಂದಿದ್ದರೆ? ಮೂವತ್ತು ಹಿಡಿದುಕೊಂಡಿದ್ದರೆ ಏನು ಮಾಡ್ತಿದ್ರಿ?"

"ಇಲ್ಲೇ ಎಲ್ಲಾದರೂ ಅಡುಗೆ ಮಾಡ್ತಿದ್ದೆ. ಈ ಊರಲ್ಲೂ ಜನ ಊಟ ಮಾಡ್ತಾರೆ." ಪ್ರಮಾಣಪತ್ರವನ್ನು ಮಡಚದೆ ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು. "ಅಮ್ಮ ಬಿದ್ದಿದ್ದು ನನಗೆ ಗೊತ್ತೇ ಇರಲಿಲ್ಲ. ನೀವಿಬ್ಬರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ನಿನ್ನೆ ನೀನು ಆ ದಿನಗಳನ್ನ ಕೊಡಲ್ಲ ಅಂದಾಗ, ನನಗೆ ಗೊತ್ತಿಲ್ಲದ ದಿನ ಇನ್ನೆಷ್ಟಿದೆಯೋ ಅಂತ ಯೋಚನೆ ಬಂತು. ಆಮೇಲೆ ಹಡಗಿನ ಯೋಚನೆ ಬರಲಿಲ್ಲ."

ಹದಿನೇಳು ವರ್ಷದಿಂದ ಕೂಡಿಸಿಟ್ಟ ಸಿಟ್ಟು ನನ್ನ ಹತ್ತಿರ ಬೇಕಾದಷ್ಟಿತ್ತು. ಅದನ್ನು ಇನ್ನು ಎಲ್ಲಿ ಇಡುವುದೋ ತಿಳಿಯದೆ, ಓಡಾಡುವ ಜನರ ನಡುವೆ ಆ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇವರು ಪಕ್ಕದಲ್ಲಿ ಕೂತರು. ಜನ ನೋಡುತ್ತಾರೆ, ಎದ್ದೇಳು ಎಂದು ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಜೂನ್ ಹನ್ನೆರಡರಂದು ಏನಾಯ್ತು?" ಎಂದು ಕೇಳಿದರು. ನಾನು ಮೂಗು ಒರೆಸಿಕೊಂಡು ಹೇಳತೊಡಗಿದೆ.